ರೊಟ್ಟಿ ಬೆಂಕಿ ಕಳೆದು

ತಿಂಗಳ ಹನ್ನೆರಡಕ್ಕೆ, ಇಲ್ಲವೆ ಹದಿಮೂರಕ್ಕೆ
ಕುತೈಸಿಯ ಬೀದಿಗಿಳಿಯುತ್ತೇನೆ.
ಚೀಲದಲ್ಲೊಂದು ಟ್ಯಾಬ್ಲೆಟ್, ಅದು ಕೈಕೊಟ್ಟರೆ ಇರಲೆಂದು ಪೆನ್ಸಿಲ್.
ಕೊಳ್ಳುವವಳಲ್ಲ ನಾನು, ಕೇಳುವವಳು.
ಹತ್ತೊಂಬತ್ತು ವರ್ಷದಿಂದ ಒಂದೇ ಪ್ರಶ್ನೆ:
ಎಷ್ಟು?

ಮೊದಲು ಸಿಗುವುದು ತ್ಸಿಯಾಲಾಳ ತೋನೆ,
ನೆಲದಲ್ಲಿ ಹುಗಿದ ಬಾವಿಯಂಥ ಮಣ್ಣಿನ ಒಲೆ.
ಸೊಂಟದವರೆಗೆ ಬಗ್ಗಿ ಒಳಗೋಡೆಗೆ ಹಿಟ್ಟು ಬಡಿಯುತ್ತಾಳೆ
ಈಜಲು ಧುಮುಕುವವಳ ಹಾಗೆ,
ಮತ್ತೆ ಎದ್ದು ಬರುತ್ತಾಳೆ ಹುಬ್ಬು ಸುಟ್ಟುಕೊಂಡು.
ರೊಟ್ಟಿಯ ಬೆಲೆ ಬರೆದುಕೊಳ್ಳುತ್ತೇನೆ, ಗ್ಯಾಸಿನದೂ.
ಎರಡನ್ನೂ ರಾಜಧಾನಿಯಲ್ಲಿ ಒಬ್ಬ ಹುಡುಗ
ತೆಗೆದು ಪಕ್ಕಕ್ಕಿಡುತ್ತಾನೆ.
ಇವು ಚಂಚಲ, ಅನ್ನುತ್ತಾನೆ. ಆಲಿಕಲ್ಲು ಬಿದ್ದರೆ ಏರುತ್ತವೆ,
ಯಾರದೋ ಕೊಳವೆಯ ಬಾಯಿ ತೆರೆದರೆ ಇಳಿಯುತ್ತವೆ.
ಇವನ್ನು ಸುಲಿದರೆ ಉಳಿಯುವುದೇ ತಿರುಳು.

ಸಿಪ್ಪೆಯೆಂದು ಸುಲಿದದ್ದು ಊಟ ಮತ್ತು ಉರಿ!
ಹೊಟ್ಟೆಯ ಹಿಟ್ಟು ಬಿಟ್ಟು
ಜುಟ್ಟಿನ ಮಲ್ಲಿಗೆಯನ್ನಷ್ಟೇ ಎಣಿಸುವ ಲೆಕ್ಕ
ಎಂದು ನಗುತ್ತಿದ್ದೆ ಮೊದಮೊದಲು.
ಈಗ ನಗುವುದಿಲ್ಲ.
ರೊಟ್ಟಿ ಏರಿದರೆ ಬೀದಿಯೆಲ್ಲ ಬೈಯುತ್ತದೆ,
ಇಳಿದರೆ ಮರೆಯುತ್ತದೆ.
ಈ ಉಳಿದದ್ದಿದೆಯಲ್ಲ, ಇದು ಸದ್ದಿಲ್ಲದೆ ಹತ್ತುತ್ತದೆ,
ಹತ್ತಿದ ಮೇಲೆ ಏಣಿಯನ್ನು ಎಳೆದುಕೊಳ್ಳುತ್ತದೆ.

ನೋದಾರ್ ಕ್ಷೌರಕ್ಕೆ ಮೂರು ಲರಿ ಹೆಚ್ಚಿಸಿದ್ದಾನೆ.
ಕತ್ತರಿ ಅದೇ, ಕನ್ನಡಿಯ ಬಿರುಕೂ ಅದೇ.
ಯಾಕೆ?
ಅಂಗಡಿ ಬಾಡಿಗೆ, ಅನ್ನುತ್ತಾನೆ.
ಕಟ್ಟಡದೊಡತಿ ಲಮಾರಾ ಬಾಯಿ ತೆರೆದು ತೋರಿಸುತ್ತಾಳೆ:
ಮೂರು ಕಟ್ಟಿಸಬೇಕು, ವೈದ್ಯ ಹೇಳುವ ದರ ಕೇಳಿದರೆ
ಉಳಿದವೂ ಉದುರುತ್ತವೆ.
ಹಲ್ಲಿನ ವೈದ್ಯ: ಇಬ್ಬರು ನರ್ಸುಗಳು ಪೋಲೆಂಡಿಗೆ ಹೊರಟರು,
ಉಳಿದವಳಿಗೆ ಸಂಬಳ ಏರಿಸದೆ ವಿಧಿಯಿಲ್ಲ.
ಉಳಿದವಳು ಇಝೋಲ್ದಾ: ಮಗನಿಗೆ ಪಿಯಾನೋ ಪಾಠ,
ಮೇಷ್ಟ್ರು ಫೀಸು ಜಾಸ್ತಿ ಮಾಡಿದರು.
ಪಿಯಾನೋ ಮೇಷ್ಟ್ರು ತಲೆ ಸವರಿಕೊಂಡು:
ಕ್ಷೌರಕ್ಕೇ ಎಷ್ಟಾಯಿತು ನೋಡಿದಿರಾ?

ಕಳ್ಳನನ್ನು ಹುಡುಕುತ್ತ ಹೊರಟವಳು
ಊರು ಸುತ್ತಿ ನೋದಾರನ ಕುರ್ಚಿಗೇ ಬಂದು ನಿಂತಿದ್ದೆ.
ಎಲ್ಲರ ಕೈಯೂ ಇನ್ನೊಬ್ಬರ ಜೇಬಿನಲ್ಲಿ,
ಯಾರ ಜೇಬೂ ತುಂಬಿಲ್ಲ.

ಕೆಲವರು ಏರಿಸುವುದು ಏರಿದ್ದಕ್ಕಲ್ಲ, ಏರೀತೆಂದು.
ಡ್ರೈಕ್ಲೀನಿಂಗ್ ಅಂಗಡಿಯ ಹುಡುಗಿ ಕೇಳಿದಳು:
ನಿಮಗೆ ಗೊತ್ತಿರುತ್ತದಲ್ಲ, ಬರುವ ತಿಂಗಳು ಹೇಗೆ?
ನಾನು ಹುಬ್ಬೇರಿಸಿದೆ, ಅಷ್ಟೇ.
ಮರುದಿನ ಕೋಟು ಒಗೆಯುವ ದರ
ಒಂದು ಲರಿ ಮೇಲೆ ಕೂತಿತ್ತು.

ಬಿಳಿ ಸೇತುವೆಯ ಈಚೆಗೆ ಶೂ ರಿಪೇರಿಯ ವಲಿಕೋ.
ಹಿಮ್ಮಡಿ ಬಡಿಯಲು ಆರು ಲರಿ, ಒಂಬತ್ತು ವರ್ಷದಿಂದ ಆರೇ.
ನನ್ನ ಪಟ್ಟಿಯಲ್ಲಿ ಅದೊಂದೇ ಸಮತಟ್ಟು ನೆಲ.
ಪುಣ್ಯಾತ್ಮ ಎಂದುಕೊಂಡಿದ್ದೆ.
ಕೇಳಿದರೆ, ಬೋರ್ಡು ಬರೆಯುತ್ತಿದ್ದ ಶಾಲ್ವಾ ಸತ್ತ,
ಆರರ ಬಾಲವನ್ನು ಅವನಷ್ಟು ಚೆಂದ
ಇನ್ಯಾರು ಸುತ್ತುತ್ತಾರೆ, ಅಂದ.

ಈ ತಿಂಗಳು ಅವನ ಬಾಗಿಲಿಗೆ ಬೀಗ.
ತಾತ್ಕಾಲಿಕವಾಗಿ ಮುಚ್ಚಿದೆ, ಎಂದು ಬರೆದುಕೊಳ್ಳುವಾಗ
ಪಕ್ಕದ ಹೂವಿನವಳು ತಲೆ ಅಲ್ಲಾಡಿಸಿದಳು.
ನಿಯಮದಂತೆ ಎರಡು ತಿಂಗಳು ಕಾಯುತ್ತೇನೆ,
ಆಮೇಲೆ ಅದೇ ಬಗೆಯ ಇನ್ನೊಂದು ಅಂಗಡಿ.
ಮಾಲ್‌ನಲ್ಲಿದೆ. ಹದಿನಾಲ್ಕು ಲರಿ, ಬಡಿಯುವುದು ಯಂತ್ರ.
"ಬದಲಿ" ಎಂಬ ಚೌಕದಲ್ಲಿ ಒಂದು ಗುರುತು;
ಆರಕ್ಕೂ ಹದಿನಾಲ್ಕಕ್ಕೂ ನಡುವೆ ಬಿದ್ದುಹೋದ ಮನುಷ್ಯನನ್ನು
ರಾಜಧಾನಿಯ ಹುಡುಗ ಗುಣಮಟ್ಟದ ವ್ಯತ್ಯಾಸವೆಂದು
ನಯವಾಗಿ ಉಜ್ಜಿ ಕೂಡಿಸಿಕೊಳ್ಳುತ್ತಾನೆ.

ಮನೆಗೆ ಬಂದಾಗ ಕತ್ತಲು.
ಕಂಕುಳಲ್ಲಿ ತ್ಸಿಯಾಲಾಳ ರೊಟ್ಟಿ,
ಲೆಕ್ಕಕ್ಕಿಲ್ಲದ್ದು, ಇನ್ನೂ ಬೆಚ್ಚಗೆ.
ಮೇಲಿನ ಕೋಣೆಯಲ್ಲಿರುವ ಕಾಲೇಜು ಹುಡುಗ
ಮೆಟ್ಟಿಲಿಳಿದು ಬಾಡಿಗೆಯ ಲಕೋಟೆ ಚಾಚಿದ.
ನಾನು ಗಂಟಲು ಸರಿಮಾಡಿಕೊಂಡೆ.
ಅವನು ನನ್ನ ಹುಬ್ಬನ್ನೇ ನೋಡುತ್ತಿದ್ದ.